ಮಕ್ಕಳ ಮನೆಯಲ್ಲಿ ತಾಯಿತಂದೆ: ಅಭಯದಾನದ ಹೊತ್ತು

ಚನ್ನಗಿರಿಯ ಅಡಿಕೆ ತೋಟದ ಮನೆಯಿಂದಲೋ, ಹೊನ್ನಾಳಿಯ ತುಂಗಭದ್ರೆಯ ದಂಡೆಯಿಂದಲೋ, ನ್ಯಾಮತಿಯ ಪೇಟೆಯಿಂದಲೋ, ಜಗಳೂರಿನ ಬಯಲುಸೀಮೆಯಿಂದಲೋ ಹೊರಟ ವೃದ್ಧ ದಂಪತಿಗೆ ಬೆಂಗಳೂರಿನ ವಿಮಾನ ನಿಲ್ದಾಣವನ್ನು ಸೇರುವುದೇ ದೊಡ್ಡ ಪ್ರಯಾಣ. ಅಲ್ಲಿಂದ ಸಿಂಗಪುರಕ್ಕೆ ಸುಮಾರು ನಾಲ್ಕೂವರೆ ಗಂಟೆಯ ಹಾರಾಟ ಮಾತ್ರ. ಚೀಲದಲ್ಲಿ ಚಟ್ನಿಪುಡಿ, ಹಪ್ಪಳ, ಮೊಮ್ಮಗುವಿಗೆ ಬೆಳ್ಳಿಯ ಉಡಿದಾರ. ಶ್ರಾವಕರ ಮನೆಯವರಾದರೆ ಅದರ ಜೊತೆಗೆ ಜಪಮಾಲೆ ಮತ್ತು ನೀರು ಸೋಸುವ ಬಿಳಿಯ ಬಟ್ಟೆ. ಈ ತಾಲ್ಲೂಕುಗಳಲ್ಲಿ ಜೈನ ಮನೆಗಳು ಕೆಲವೇ ಆದರೂ, ಮಕ್ಕಳು ಕಡಲಾಚೆ ನೆಲೆಸಿದ ಮೇಲೆ ಎದುರಾಗುವ ಪ್ರಶ್ನೆ ಎಲ್ಲ ಮತದವರ ಮನೆಗೂ ಒಂದೇ: ಮಗನ ಮನೆಗೆ ಹೋದ ತಾಯಿತಂದೆ ಮನೆಯವರೋ, ಅತಿಥಿಗಳೋ?

ಮೊದಲ ವಾರ ಸಂಭ್ರಮದಲ್ಲಿ ಕಳೆಯುತ್ತದೆ. ಸಿಂಹಮುಖದ ಮೀನಿನ ಪ್ರತಿಮೆ, ಕಡಲತೀರದ ಉದ್ಯಾನ, ಸೆಂಟೋಸಾ, ಕೈತುಂಬ ಛಾಯಾಚಿತ್ರಗಳು. ಎರಡನೆಯ ವಾರ ಮಗ ಸೊಸೆ ಕಚೇರಿಗೆ ತೆರಳುತ್ತಾರೆ. ಹನ್ನೆರಡನೆಯ ಮಹಡಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಊರಿನಲ್ಲಿ ಹತ್ತು ಜನರಿಗೆ ಬಡಿಸುತ್ತಿದ್ದ ತಾಯಿ ಇಲ್ಲಿ ಸೊಸೆಯನ್ನು ಮೆಲುದನಿಯಲ್ಲಿ ಕೇಳುತ್ತಾಳೆ: "ಒಲೆ ಹಚ್ಚಲೇನಮ್ಮಾ?" ಊರಿನಲ್ಲಿ ಯಾರ ಅಪ್ಪಣೆಯನ್ನೂ ಕೇಳದ ತಂದೆ, ಕೆಳಗಿಳಿದು ನಾಲ್ಕು ಹೆಜ್ಜೆ ನಡೆದುಬರಲು ಮಗನ ಮುಖ ನೋಡುತ್ತಾನೆ. ಯಾರೂ ಅವರನ್ನು ಗದರಿಲ್ಲ, ಯಾವ ಕೊರತೆಯೂ ಆಗಿಲ್ಲ. ಆದರೂ ಅವರು ಅಂಜುತ್ತಾರೆ. ಈ ಅಂಜಿಕೆಯ ಕಡೆಗೆ ಧರ್ಮದ ದೃಷ್ಟಿ ಹರಿಯಬೇಕು.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯದು ಅತಿಥಿಸಂವಿಭಾಗ. ಬರುವುದಕ್ಕೆ ತಿಥಿಯ ಕಟ್ಟಿಲ್ಲದವನು ಅತಿಥಿ; ತನಗಾಗಿ ಮಾಡಿಕೊಂಡದ್ದರಲ್ಲಿ ಅವನಿಗೆ ಯೋಗ್ಯವಾದ ಪಾಲು ಕೊಡುವುದು ಸಂವಿಭಾಗ. ಮುಖ್ಯಾರ್ಥದಲ್ಲಿ ಅತಿಥಿಯೆಂದರೆ ಮುನಿ. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಇದೇ ವ್ರತವನ್ನು ವೈಯಾವೃತ್ಯವೆಂದು ಕರೆದು, ಸಂಯಮಿಗಳ ಕಷ್ಟವನ್ನು ನೀಗುವುದನ್ನೂ ಕಾಲೊತ್ತುವುದನ್ನೂ ಅದರೊಳಗೆ ಸೇರಿಸಿದ್ದಾರೆ. ಪಾತ್ರರನ್ನು ವಿಂಗಡಿಸುವಾಗ ಶಾಸ್ತ್ರವು ಮುನಿಯನ್ನು ಉತ್ತಮ ಪಾತ್ರವೆಂದೂ, ಅಣುವ್ರತಗಳನ್ನು ಪಾಲಿಸುವ ಶ್ರಾವಕನನ್ನು ಮಧ್ಯಮ ಪಾತ್ರವೆಂದೂ ಎಣಿಸುತ್ತದೆ. ಹಾಗಾದರೆ ಬಾಳಿನುದ್ದಕ್ಕೂ ವ್ರತ ಹಿಡಿದು ಬಂದ ತಾಯಿತಂದೆಗೆ ಸಲ್ಲಿಸುವ ಸೇವೆ ರಕ್ತಸಂಬಂಧದ ಋಣವಷ್ಟೇ ಆಗದೆ ಪಾತ್ರದಾನವೂ ಆಗುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಆ ದ್ವೀಪದ ಮನೆಗೆ ಅನ್ವಯಿಸಿ ನೋಡಬಹುದು.

ಮೊದಲನೆಯದು ಆಹಾರ. ಸಿಂಗಪುರದಲ್ಲಿ ಸಸ್ಯಾಹಾರಕ್ಕೆ ಬರವಿಲ್ಲ. ಸೆರಂಗೂನ್ ರಸ್ತೆಯ ಕೋಮಲ ವಿಲಾಸ 1947ರಿಂದ ಎಲೆಯೂಟ ಬಡಿಸುತ್ತಿದೆ. ಆದರೆ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳನ್ನು ತ್ಯಜಿಸಿದವರಿಗೆ ಸಸ್ಯಾಹಾರವೆಂಬ ಫಲಕ ಸಾಲದು. ಅದಕ್ಕಿಂತ ಸೂಕ್ಷ್ಮವಾದದ್ದು ಹೊತ್ತಿನ ಪ್ರಶ್ನೆ. ಭೂಮಧ್ಯರೇಖೆಯಿಂದ ಒಂದೂವರೆ ಡಿಗ್ರಿಯೂ ದೂರವಿಲ್ಲದ ಆ ದ್ವೀಪದಲ್ಲಿ ವರ್ಷವಿಡೀ ಸೂರ್ಯ ಸಂಜೆ 7ರ ಆಸುಪಾಸಿನಲ್ಲಿ ಮುಳುಗುತ್ತಾನೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಮುಂಚೆಯೇ ಊಟ ಮುಗಿಸುವ ನೇಮವಿದ್ದವರು 6 ಗಂಟೆಯ ಸುಮಾರಿಗೆ ಎಲೆ ಹಾಕಬೇಕು. ಮಗ ಮನೆ ಸೇರುವುದು ಏಳರ ಮೇಲೆ. ಹೀಗೆ ದಿನವೂ ಇಬ್ಬರು ಮುದುಕರು ತಾವಷ್ಟೇ ಕುಳಿತು ಉಣ್ಣುತ್ತಾರೆ. ಅವರು ಜಪಕ್ಕೆ ಕುಳಿತಾಗ ಮಕ್ಕಳು ಉಣ್ಣುತ್ತಾರೆ. ಒಂದೇ ಮನೆಯಲ್ಲಿ ಎರಡು ಪಂಕ್ತಿ. ಇದನ್ನು ಬೆಸೆಯಲು ಹಣ ಬೇಕಿಲ್ಲ. ವಾರದಲ್ಲಿ ಎರಡು ದಿನ ಮಗ ಕೆಲಸವನ್ನು ಹೊಂದಿಸಿಕೊಂಡು ಆರಕ್ಕೆ ಅವರೊಡನೆ ಕುಳಿತರೆ, ರಜೆಯ ದಿನ ಇಡೀ ಮನೆ ಹಗಲಿನಲ್ಲಿಯೇ ಉಂಡರೆ, ಸಂವಿಭಾಗ ನಿಜವಾಗುತ್ತದೆ. ಅನ್ನದ ಪಾಲಿಗಿಂತ ಹೊತ್ತಿನ ಪಾಲು ದೊಡ್ಡದು. ನಲ್ಲಿಗೆ ತಾಯಿ ಬಟ್ಟೆ ಕಟ್ಟಿದಾಗ "ಇಲ್ಲಿಯ ನೀರು ಶುದ್ಧವಾಗಿದೆ" ಎಂದು ನಗುವ ಅಗತ್ಯವೂ ಇಲ್ಲ. ಆಕೆ ಸೋಸುವುದು ತನ್ನ ಆರೋಗ್ಯಕ್ಕಾಗಿ ಮಾತ್ರವಲ್ಲ, ಕಣ್ಣಿಗೆ ಕಾಣದ ಜೀವಿಗಳ ಮೇಲಿನ ಕರುಣೆಗಾಗಿ.

ಔಷಧದಾನ ಪ್ರಯಾಣಕ್ಕೆ ಮುಂಚೆಯೇ ಆರಂಭವಾಗಬೇಕು. ಅಲ್ಲಿಯ ಸರಕಾರಿ ಆಸ್ಪತ್ರೆಗಳ ರಿಯಾಯಿತಿ ಪ್ರವಾಸಿಗರಿಗೆ ಸಿಗದು; ವೆಚ್ಚವನ್ನೆಲ್ಲ ತಾವೇ ಭರಿಸಬೇಕು. ಇದನ್ನು ಬಲ್ಲ ತಂದೆ ಎದೆನೋವನ್ನೂ "ವಾಯು" ಎಂದು ಮುಚ್ಚಿಡುತ್ತಾನೆ. ಆದುದರಿಂದ ಪ್ರವಾಸದ ವಿಮೆ, ತಿಂಗಳಿಗೆ ಸಾಲುವ ಮಾತ್ರೆ, ಊರಿನ ವೈದ್ಯರ ಚೀಟಿ ಇವನ್ನು ಮಗನೇ ಅಣಿಗೊಳಿಸಿ, "ಖರ್ಚಿನ ಚಿಂತೆ ನಿಮಗೆ ಬೇಡ" ಎಂದು ಬಾಯಿಬಿಟ್ಟು ಹೇಳಬೇಕು. ಶಾಸ್ತ್ರದಾನವೂ ಸುಲಭಸಾಧ್ಯ. ಜಾಲನ್ ಯಾಸಿನ್‌ನಲ್ಲಿ ಸಿಂಗಪುರ ಜೈನ್ ರಿಲಿಜಿಯಸ್ ಸೊಸೈಟಿಯ ನೆಲೆಯಿದೆ. ಕನ್ನಡಿಗರ ಸಂಘವೂ ಆ ನಾಡಿನಲ್ಲಿದೆ. ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿ ಇವೆರಡಕ್ಕೂ ಜಾಗವಿದ್ದರೆ ಕಿವಿಗೆ ಕನ್ನಡವೂ ಮನಸ್ಸಿಗೆ ಸ್ವಾಧ್ಯಾಯವೂ ದೊರೆಯುತ್ತವೆ.

ನಾಲ್ಕನೆಯದಾದ ಅಭಯದಾನವನ್ನು ಪ್ರಾಣಿರಕ್ಷಣೆಯ ಮಾತಾಗಿ ಮಾತ್ರ ತಿಳಿಯುವುದುಂಟು. ಭಯದಿಂದ ಬಿಡಿಸುವುದೆಲ್ಲವೂ ಅಭಯವೇ. ಪರದೇಶದ ಮನೆಯಲ್ಲಿ ಹೆತ್ತವರಿಗಿರುವ ಭಯ ಒಂದೇ: ತಾವು ಹೊರೆಯಾದೆವೇನೋ ಎಂಬುದು. ಮನೆಯ ಕೀಲಿಕೈಯ ಒಂದು ಪ್ರತಿ ತಂದೆಯ ಜೇಬಿನಲ್ಲಿರಲಿ, ವಿಳಾಸ ಬರೆದ ಚೀಟಿ ಅದರ ಜೊತೆಗಿರಲಿ, ಲಿಫ್ಟು ಬಳಸುವುದನ್ನು ಬೇಸರಿಸದೆ ಮೂರು ಸಲ ತೋರಿಸಲಿ. ತಾಯಿ ಒಲೆ ಹಚ್ಚಲು ಅಪ್ಪಣೆ ಕೇಳಿದ ದಿನವೇ ಸೊಸೆ "ಇದು ನಿಮ್ಮ ಮನೆ, ಅತ್ತೆ" ಎಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಪರಿಚಯಿಸಲಿ. ಬಾಣಂತನಕ್ಕೋ ಮಗುವನ್ನು ನೋಡಿಕೊಳ್ಳಲೋ ಕರೆಸಿದ್ದರೆ ಆ ಮಾತನ್ನು ಮೊದಲೇ ತಿಳಿಸಲಿ. ಪ್ರವಾಸವೆಂದು ಕರೆದು ಆಳಿನ ಕೆಲಸ ಹೊರಿಸುವುದು ಸತ್ಯಾಣುವ್ರತಕ್ಕೂ ಕುಂದು.

ಗಂಗರಸ ರಾಚಮಲ್ಲನ ಸೇನಾನಿ ಚಾವುಂಡರಾಯನ ಕಥೆಯನ್ನು ಇಲ್ಲಿ ನೆನೆಯಬೇಕು. ಪೌದನಪುರದ ಬಾಹುಬಲಿಯ ದರ್ಶನವಾಗುವವರೆಗೆ ಹಾಲು ಮುಟ್ಟೆನೆಂದು ಅವನ ತಾಯಿ ಕಾಳಲಾದೇವಿ ನೇಮ ತೊಟ್ಟಳೆಂದೂ, ಮಗ ಆಕೆಯನ್ನು ಕರೆದುಕೊಂಡು ಹೊರಟನೆಂದೂ ಪರಂಪರೆ ಹೇಳುತ್ತದೆ. ಪೌದನಪುರ ದೊರೆಯಲಿಲ್ಲ. ಶ್ರವಣಬೆಳಗೊಳದಲ್ಲಿ ತಂಗಿದಾಗ ಕಂಡ ಕನಸಿನಂತೆ ಎದುರು ಬೆಟ್ಟದಲ್ಲಿ 58 ಅಡಿಯ ಗೊಮ್ಮಟ ಮೂಡಿದ. ಕ್ರಿ.ಶ. 981ರ ಪ್ರತಿಷ್ಠೆಯ ಹಿಂದೆ ಹೀಗೆ ಒಬ್ಬ ತಾಯಿಯ ಬಯಕೆಯಿದೆ. ಆ ಯಾತ್ರೆಯ ದಿಕ್ಕನ್ನು ನಿರ್ಧರಿಸಿದವಳು ತಾಯಿ. ಮಗ ದಾರಿಯನ್ನು ಹುಡುಕಿದ, ದಾರಿ ಮುಗಿದಲ್ಲಿ ಬೆಟ್ಟವನ್ನೇ ಕಡೆಸಿದ. ಇಂದಿನ ಮಗ ಟಿಕೇಟು ಕೊಳ್ಳುವ ಮುನ್ನ "ಅಮ್ಮಾ, ನಿನಗೆ ಏನು ನೋಡಬೇಕೆನಿಸಿದೆ?" ಎಂದು ಕೇಳುವನೇ? ಆಕೆಗೆ ಗಾಜಿನ ಗೋಪುರಕ್ಕಿಂತ ಮಗ ದಿನವೂ ಕುಳಿತು ದುಡಿಯುವ ಕಚೇರಿಯ ಬಾಗಿಲನ್ನೊಮ್ಮೆ ನೋಡುವ ಆಸೆಯಿರಬಹುದು.

ಕೆಲವು ಹಿರಿಯರು ಬರಲಾರೆವೆಂದೇ ಹೇಳುತ್ತಾರೆ. ಅದರಲ್ಲಿಯೂ ಒಂದು ಧರ್ಮವಿದೆ. ಹತ್ತು ದಿಕ್ಕುಗಳಲ್ಲಿ ತಾನು ಸಂಚರಿಸುವ ಎಲ್ಲೆಯನ್ನು ಜೀವಾವಧಿಗೆ ಗೊತ್ತುಮಾಡಿಕೊಳ್ಳುವುದು ದಿಗ್ವ್ರತ. ಸಮ್ಮೇದ ಶಿಖರ್ಜಿಯಾಚೆ ಹೋಗೆನೆಂದು ಎಲ್ಲೆ ಹಾಕಿಕೊಂಡ ತಾಯಿಗೆ ವಿಮಾನದ ಟಿಕೇಟು ಉಡುಗೊರೆಯಾಗದು, ವ್ರತಭಂಗದ ಆಮಿಷವಾದೀತು. ಅಂಥ ಮನೆಗೆ ಮಕ್ಕಳೇ ಬರಬೇಕು.

ಅನೇಕಾಂತವನ್ನು ನಂಬಿದವರು ಮಕ್ಕಳ ಪಕ್ಷವನ್ನೂ ನೋಡಬೇಕು. ಬಾಡಿಗೆ, ಕೆಲಸದ ಪರವಾನಗಿ, ಮಗುವಿನ ಶಾಲೆ ಇವುಗಳ ನಡುವೆ ಬಳಲಿದ ಮಗ ಸಂಜೆ ಮಾತು ಕಡಿಮೆ ಮಾಡಿದರೆ ಅದು ಅನಾದರವಲ್ಲ. ಊರಿನ ಅಳತೆಗೋಲಿನಿಂದ ಸೊಸೆಯ ಅಡುಗೆಮನೆಯನ್ನು ಅಳೆಯದಿರುವುದು, ತಮ್ಮ ನೇಮವನ್ನು ಪಾಲಿಸುತ್ತ ಅದನ್ನು ಇತರರ ತಲೆಯ ಮೇಲೆ ಹೇರದಿರುವುದು ಹಿರಿಯರು ಮಕ್ಕಳಿಗೆ ಕೊಡಬಹುದಾದ ಅಭಯ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ತತ್ತ್ವಾರ್ಥಸೂತ್ರದ ಬೋಧನೆ ಒಂದೇ ದಿಕ್ಕಿನಲ್ಲಿ ಹರಿಯುವಂಥದಲ್ಲ.

ಪ್ರವಾಸಿ ವೀಸಾದ ಅವಧಿ ಬಹಳವಿಲ್ಲ. ಎಪ್ಪತ್ತರ ಮೊಣಕಾಲುಗಳಿಗೆ ಮತ್ತೊಂದು ಪ್ರಯಾಣ ಒದಗುತ್ತದೆಂಬ ಭರವಸೆಯೂ ಇಲ್ಲ. ಚೀಲ ಕಟ್ಟಿ ಹೊರಟ ದಿನ ತಾಯಿ ನೀರು ಸೋಸುವ ಬಟ್ಟೆಯನ್ನು ನಲ್ಲಿಯಿಂದ ಬಿಚ್ಚದೆ ಅಲ್ಲಿಯೇ ಬಿಟ್ಟು, ಮಗ ಅದನ್ನು ಮರುದಿನವೂ ಹಾಗೆಯೇ ಇರಗೊಟ್ಟರೆ ಸಾಕು. ಬಂದವರು ಆ ಮನೆಯಲ್ಲಿ ಅತಿಥಿಗಳಾಗಿ ಉಳಿಯಲಿಲ್ಲ ಎಂದು ತಿಳಿಯಬಹುದು.