ಮನೆಯ ಕೈಗಾರಿಕೆ: ತುಂಡು ಮರದ ದುಂಡು ಬಟ್ಟಲು

ಒಂದೇ ದಿಮ್ಮಿಯಿಂದ ತೋಡಿ ತೆಗೆದ ಮರಿಗೆಯು ಒಂದೆರಡು ಬೇಸಗೆಗಳನ್ನು ಕಂಡಮೇಲೆ ಅಂಚಿನಲ್ಲಿ ಬಾಯಿ ಬಿಡುವುದನ್ನು ನಮ್ಮ ವಾಚಕಿಯರಲ್ಲಿ ಅನೇಕರು ಬಲ್ಲರು. ಇದು ಮರದ ದೋಷವೂ ಅಲ್ಲ, ಬಡಗಿಯ ದೋಷವೂ ಅಲ್ಲ, ಮರದ ಸ್ವಭಾವ. ಮರವು ಹಸಿಯಿಂದ ಪೂರ್ಣವಾಗಿ ಒಣಗುವವರೆಗೆ ತನ್ನ ಉದ್ದದಲ್ಲಿ ನೂರಕ್ಕೆ ಒಂದು ಪಾಲಿನಷ್ಟೂ ಕುಗ್ಗುವುದಿಲ್ಲ. ಅಡ್ಡಕ್ಕೆ ಹಾಗಲ್ಲ. ವರ್ಷದ ಉಂಗುರಗಳು ಸುತ್ತಿಕೊಂಡಿರುವ ದಿಕ್ಕಿನಲ್ಲಿ ಅನೇಕ ಜಾತಿಯ ಮರಗಳು ನೂರಕ್ಕೆ 6ರಿಂದ 10 ಪಾಲಿನವರೆಗೆ ಕುಗ್ಗುವುವು; ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು ಅದರ ಅರ್ಧದಷ್ಟು. ಹೀಗೆ ಒಂದೇ ಪಾತ್ರೆಯ ಮೈಯು ಒಂದೊಂದು ದಿಕ್ಕಿಗೆ ಒಂದೊಂದು ಪ್ರಮಾಣದಲ್ಲಿ ಕುಗ್ಗಿದರೆ ಬಿರುಕು ಬಿಡದೆ ಮತ್ತೇನು ಮಾಡೀತು?

ಇದಕ್ಕೆ ಉಪಾಯವೇನೆಂದರೆ, ದುಂಡಾದುದನ್ನು ಒಂದೇ ತುಂಡಿನಿಂದ ಕೆತ್ತದೆ, ಸಣ್ಣ ತುಂಡುಗಳಿಂದ ಕಟ್ಟುವುದು. ಪ್ರತಿಯೊಂದು ತುಂಡಿನ ಎಳೆಯೂ ಬಳೆಯ ಸುತ್ತನ್ನು ಅನುಸರಿಸಿ ಹರಿಯುವಂತೆ ಜೋಡಿಸಿದರೆ ಬಳೆಯ ಸುತ್ತಳತೆಯು ಹೆಚ್ಚುಕಡಿಮೆಯಾಗದು. ಇಂತಹ ಬಳೆಗಳನ್ನು ಒಂದರ ಮೇಲೊಂದು ಅಂಟಿಸಿ, ತಿರುಗುವ ಯಂತ್ರಕ್ಕೆ ಕಟ್ಟಿ ಉಳಿಯಿಂದ ಕಡೆದರೆ ಬಟ್ಟಲಾಯಿತು.

ಈ ಬಟ್ಟಲು ಬೀದರ ಜಿಲ್ಲೆಯ ಹಳೆಯ ಕಸಬಲ್ಲ. ಆದರೂ ಅದಕ್ಕೆ ಬೇಕಾದ ಎರಡು ವಿದ್ಯೆಗಳು ಆ ಜಿಲ್ಲೆಯಲ್ಲಿ ಬಹುಕಾಲದಿಂದ ಬೇರೆಬೇರೆಯಾಗಿ ಬೆಳೆದು ಬಂದಿವೆ ಎಂಬುದೇ ಈ ತಿಂಗಳು ನಾವು ಇದನ್ನು ಕುರಿತು ಬರೆಯಲು ಕಾರಣ.

ಮೊದಲನೆಯದು ಹಳ್ಳಿಯ ಬಡಗಿಯ ವಿದ್ಯೆ. ಭಾಲ್ಕಿ, ಔರಾದ ಕಡೆಯ ಊರುಗಳಲ್ಲಿ ಎತ್ತಿನ ಬಂಡಿಯ ಗಾಲಿಯನ್ನು ಕಟ್ಟಿದವರಿಗೆ ಮೇಲಿನ ಪಾಠವನ್ನು ನಾವು ಹೇಳಬೇಕಾದುದಿಲ್ಲ. ಗಾಲಿಯ ಹೊರಸುತ್ತು ಒಂದೇ ಮರದ್ದಲ್ಲ. ಬಾಗಾಗಿ ಕೆತ್ತಿದ ತುಂಡುಗಳ ಸಾಲು. ಹನ್ನೆರಡು ಅರೆಗಳ ಗಾಲಿಗೆ, ತುಂಡಿಗೆ ಎರಡು ಅರೆಗಳಂತೆ, ಆರು ತುಂಡುಗಳು. ಅವುಗಳ ಮೇಲೆ ಕಾಸಿದ ಕಬ್ಬಿಣದ ಪಟ್ಟಿಯನ್ನು ತೊಡಿಸಿ ನೀರೆರೆದರೆ, ಪಟ್ಟಿಯು ಕುಗ್ಗಿ ಎಲ್ಲ ಸಂದುಗಳನ್ನೂ ಒಮ್ಮೆಗೇ ಬಿಗಿಯುವುದು. ಜಾಲಿಯ ಗಟ್ಟಿಮರವನ್ನು ಹೀಗೆ ಕೂದಲೆಳೆಯಷ್ಟು ಸಂದಿಲ್ಲದಂತೆ ಕೂಡಿಸಿದ ಕೈಗಳಿಗೆ, ರಬ್ಬರ್ ಟೈರಿನ ಬಂಡಿಯೂ ಟ್ರ್ಯಾಕ್ಟರೂ ಬಂದಮೇಲೆ ಕೆಲಸವು ತಪ್ಪುತ್ತ ಬಂದಿತು.

ಎರಡನೆಯದು ಬೀದರ ನಗರದ ವಿದ್ಯೆ. ಬಿದರಿಯ ಕರಿಯ ಮೈಮೇಲಣ ಬೆಳ್ಳಿಯ ಬಳ್ಳಿಯನ್ನು ಕೊಂಡಾಡದವರಿಲ್ಲ. ಆದರೆ ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದ ಹೂಜಿಯು ಮೊದಲು ಒರಟಾಗಿಯೇ ಹೊರಬರುವುದು. ದುಂಡನೆಯ ಪಾತ್ರೆಯಾದರೆ ಅದನ್ನು ಖರಾದಿಗೆ, ಎಂದರೆ ಕಡೆಯುವ ಯಂತ್ರಕ್ಕೆ, ಏರಿಸಿ ಮೈಯನ್ನು ಸಮಮಾಡುವುದುಂಟು. ಆಮೇಲೆ ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪು ಹಚ್ಚಿ, ಚಿತ್ರವನ್ನು ಕೊರೆದು, ಬೆಳ್ಳಿಯನ್ನು ಕೂಡಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರಗಳ ಲೇಪದಿಂದ ಸ್ಥಿರವಾದ ಕಪ್ಪನ್ನು ಬರಿಸುವರು. ಆ ಕೋಟೆಯೊಳಗಿನ ರಂಗೀನ ಮಹಲಿನಲ್ಲಿ ಕೆತ್ತನೆಯ ಮರದ ಕಂಬಗಳನ್ನೂ, ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪಿನ ತುಣುಕುಗಳನ್ನೂ ಕಂಡವರು, ತುಣುಕಿಗೆ ತುಣುಕನ್ನು ಕೂಡಿಸುವ ಕಲೆಗೆ ಆ ಊರಿನಲ್ಲಿ ಎಷ್ಟು ಮರ್ಯಾದೆಯಿತ್ತೆಂಬುದನ್ನು ತಾವೇ ತಿಳಿಯಬಹುದು. ಬಿದರಿ ಕಲಾವಿದರಾದ ಶಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ದೊರೆತುದು ಆ ಮರ್ಯಾದೆಯ ಮುಂದುವರಿಕೆಯೇ ಸರಿ. ಹಳ್ಳಿಯ ಬಡಗಿಯ ಕೂಡಿಕೆಗೆ ಮಾತ್ರ ಅಂತಹ ಕಣ್ಣು ಇನ್ನೂ ಬೀಳಬೇಕಾಗಿದೆ.

ಇನ್ನು ಕೆಲಸದ ಕ್ರಮ. ಎಂಟು ಅಂಗುಲ ಅಡ್ಡಳತೆಯ ಬಟ್ಟಲನ್ನು ತೆಗೆದುಕೊಳ್ಳೋಣ. ಮುಕ್ಕಾಲು ಅಂಗುಲ ದಪ್ಪದ ಆರು ಬಳೆಗಳು. ಬಳೆಗೆ 12 ತುಂಡುಗಳು. ತಳಕ್ಕೆ ಒಂದು ಹಲಗೆ. ಒಟ್ಟು 73 ತುಂಡುಗಳು. ಪೂರ್ಣ ಸುತ್ತು 360 ಅಂಶಗಳಾದುದರಿಂದ ತುಂಡಿಗೆ 30 ಅಂಶ ಬರುವುದು. ಆದುದರಿಂದ ತುಂಡಿನ ಒಂದೊಂದು ತುದಿಯನ್ನೂ 15 ಅಂಶ ಓರೆಯಾಗಿ ಕೊಯ್ಯತಕ್ಕದ್ದು. ಮೇಲಿನ ಬಳೆಯ ತುಂಡಿಗೆ ಹೊರಬದಿಯಲ್ಲಿ ಎರಡೂಕಾಲು ಅಂಗುಲ ಉದ್ದವಿಟ್ಟರೆ ಕಡೆಯುವಾಗ ತೆಗೆಯಲು ಸ್ವಲ್ಪ ಮರ ಮಿಗುವುದು. ಕೆಳಗಿನ ಬಳೆಗಳು ಕ್ರಮವಾಗಿ ಚಿಕ್ಕವಾಗುತ್ತ ಹೋಗಲಿ.

ಇಲ್ಲಿ ಅರ್ಧ ಅಂಶದ ತಪ್ಪನ್ನು ಅಲ್ಪವೆಂದು ಎಣಿಸಬಾರದು. ಒಂದು ಬಳೆಯಲ್ಲಿ 24 ತುದಿಗಳಿವೆ; ತುದಿಗೆ ಅರ್ಧ ಅಂಶ ತಪ್ಪಿದರೆ ಕೊನೆಗೆ 12 ಅಂಶದ ಸಂದು, ಎಂದರೆ ಹೊರ ಅಂಚಿನಲ್ಲಿ ಮುಕ್ಕಾಲು ಅಂಗುಲಕ್ಕೂ ಮಿಗಿಲಾದ ತೆರವು ಉಳಿಯುವುದು. ಇದಕ್ಕೆ ಜಾಣರು ಒಂದು ಉಪಾಯವನ್ನು ಮಾಡುವರು. ಆರಾರು ತುಂಡುಗಳ ಎರಡು ಅರ್ಧ ಬಳೆಗಳನ್ನು ಬೇರೆಯಾಗಿ ಅಂಟಿಸಿ, ಒಣಗಿದಮೇಲೆ ಪ್ರತಿಯೊಂದು ಅರ್ಧದ ಎರಡು ತುದಿಗಳನ್ನೂ ಸಮತಟ್ಟಾದ ಹಲಗೆಗೆ ಹಚ್ಚಿದ ಮರಳುಕಾಗದದ ಮೇಲೆ ಒಟ್ಟಿಗೆ ಉಜ್ಜುವರು. ಚದುರಿದ್ದ ತಪ್ಪೆಲ್ಲವೂ ಅಲ್ಲಿ ಸವೆದುಹೋಗಿ, ಎರಡು ಅರ್ಧಗಳು ಒಂದನ್ನೊಂದು ಸರಿಯಾಗಿ ಕೂಡುವುವು. ಬಿಗಿಯುವುದಕ್ಕೆ ಕಬ್ಬಿಣದ ಪಟ್ಟಿ ಬೇಕಿಲ್ಲ. ಹಳೆಯ ಸೈಕಲ್ ಟ್ಯೂಬಿನ ಸೀಳು ಸಾಕು. ಹಿಂದಿನ ಬಡಗಿಗಳ ಸರೇಸು ಬಿಸಿಗೂ ತೇವಕ್ಕೂ ಮೆದುವಾಗುವುದರಿಂದ, ಈಗ ದೊರೆಯುವ ಬಿಳಿ ಅಂಟಿನಲ್ಲಿ ನೀರನ್ನು ತಡೆಯುವ ಬಗೆಯದನ್ನೇ ಆರಿಸಿ ಒಂದು ರಾತ್ರಿ ಬಿಡುವುದು ಮೇಲು.

ಬಳೆಯ ಮೇಲೆ ಬಳೆಯನ್ನು ಇಡುವಾಗ ಗೋಡೆಯ ಇಟ್ಟಿಗೆಯಂತೆ, ಕೆಳಗಿನ ಸಂದಿನ ಮೇಲೆ ಮೇಲಿನ ತುಂಡಿನ ನಡುಭಾಗ ಬರಲಿ. ತಳದ ಹಲಗೆಯು ಅಡ್ಡಕ್ಕೆ ಹಿಗ್ಗುವ ವಸ್ತುವಾದುದರಿಂದ ಅದು ಮೂರು ಅಂಗುಲಕ್ಕೆ ಮೀರದಿರುವುದು ಒಳ್ಳೆಯದು. ಅಗಲವಾದ ತಳವು ಮಳೆಗಾಲದಲ್ಲಿ ಬಳೆಯನ್ನೇ ಒಡೆಯಬಲ್ಲದು. ಚೆನ್ನಾಗಿ ಒಣಗಿದ ಸಾಗವಾನಿ, ಜಾಲಿ, ಮಾವುಗಳು ಈ ಕೆಲಸಕ್ಕೆ ಆಗುವುವು. ಕಣಗಿಲೆಯು ವಿಷದ ಮರ. ಅದರ ಚೂರೂ ಬೇಡ.

ಕಡೆಯುವಾಗ ಎಚ್ಚರಿಕೆ ಮುಖ್ಯ. ಅಂಟು ಹಿಡಿಯದ ತುಂಡೊಂದು ಸಿಡಿದರೆ ಕಣ್ಣಿಗೆ ಅಪಾಯ. ಮೊದಮೊದಲು ನಿಮಿಷಕ್ಕೆ ಐದಾರು ನೂರು ಸುತ್ತುಗಳಿಗೆ ಮೀರದಂತೆ ತಿರುಗಿಸಿ, ಯಂತ್ರವನ್ನು ಹೊರಡಿಸುವಾಗ ಪಕ್ಕಕ್ಕೆ ನಿಲ್ಲಬೇಕು. ಜೋಲುವ ಶಲ್ಯ, ಸಡಿಲವಾದ ತೋಳು, ಬಿಟ್ಟ ಕೂದಲು ಅಲ್ಲಿ ಸಲ್ಲವು. ಮರದ ಧೂಳು ಪುಪ್ಪುಸಕ್ಕೆ ಕೆಡಕಾದುದರಿಂದ ಮೂಗುಬಾಯಿಗಳಿಗೆ ಬಟ್ಟೆಯನ್ನಾದರೂ ಕಟ್ಟತಕ್ಕದ್ದು. ಧೂಳನ್ನು ತಡೆಯುವ ಮುಖಕವಚವಿದ್ದರೆ ಇನ್ನೂ ಲೇಸು.

ಹೊಳಪಿಗೆ ಚನ್ನಪಟ್ಟಣದವರು ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿಕೆಯ ಕಾವಿನಿಂದಲೇ ಅದನ್ನು ಕರಗಿಸಿ, ತಾಳೆಯ ಗರಿಯಿಂದ ಹರಡುವರು. ಮನೆಯ ಬಟ್ಟಲಿಗೆ ಅಗಸೆ ಎಣ್ಣೆ ಸಾಕು. ಅದು ಕೆಲವು ವಾರಗಳಲ್ಲಿ ಒಣಗಿ ಗಟ್ಟಿಯಾಗುವುದು. ಶೇಂಗಾದ ಎಣ್ಣೆಯು ಒಣಗದೆ ಮುಗ್ಗುವುದು. ಬಣ್ಣದಂಗಡಿಯ ಅಗಸೆ ಎಣ್ಣೆಯಲ್ಲಿ ಬೇರೆ ಪದಾರ್ಥಗಳು ಬೆರೆತಿರುವುದುಂಟು. ತಿನ್ನುವ ಎಣ್ಣೆಯನ್ನೇ ತರಬೇಕು. ಇನ್ನೊಂದು ಮಾತನ್ನು ಮರೆಯಬಾರದು: ಈ ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ಬಯಲಲ್ಲಿ ಹರಡಿ ಒಣಗಿಸಿ.

ಇಂತಹ ಬಟ್ಟಲಿನಲ್ಲಿ ಹಣ್ಣನ್ನೋ ಎಲೆಯಡಿಕೆಯನ್ನೋ ಚುರುಮುರಿಯನ್ನೋ ಇಡಬಹುದು; ಬಿಸಿಸಾರನ್ನು ಹಾಕುವುದು, ನೀರಿನಲ್ಲಿ ನೆನೆಯಿಡುವುದು ಎರಡೂ ಬೇಡ.

ಇದರಿಂದ ಹೊಟ್ಟೆ ತುಂಬೀತೇ ಎಂದು ಕೇಳುವವರುಂಟು; ಕೇಳತಕ್ಕ ಮಾತೇ. ಬಟ್ಟಲಿನ ಮರ ಬಹುಮಟ್ಟಿಗೆ ಬಾಗಿಲು ಕಿಟಕಿಗಳನ್ನು ಮಾಡಿ ಮಿಕ್ಕದ್ದು. ಇಂದು ಒಲೆಗೆ ಹೋಗುವಂತಹದು. ಅದರ ಬೆಲೆಯೆಲ್ಲವೂ ಕೈಯ ಬೆಲೆ. ಕೊಯ್ದು, ಉಜ್ಜಿ, ಅಂಟಿಸಿ, ಕಾಯ್ದು, ಕಡೆಯುವಷ್ಟರಲ್ಲಿ ನಾಲ್ಕಾರು ದಿನಗಳು ಸರಿಯುವುವು. ಅದನ್ನು ಸಂತೆಯ ಪ್ಲಾಸ್ಟಿಕ್ ಬುಟ್ಟಿಯ ಬೆಲೆಗೆ ಕೇಳುವ ಗಿರಾಕಿಯು, ತನಗೆ ತಿಳಿಯದೆಯೇ, ಆ ಕೈಯನ್ನು ಕೂಲಿಯ ಊರಿಗೆ ಕಳುಹಿಸುತ್ತಿರುವನು. ಗಾಲಿ ಕಟ್ಟಿದ ತಂದೆಯು ಇನ್ನೂ ಇರುವಾಗಲೇ ಮಗನು ಆ ಕೂಡಿಕೆಯನ್ನು ಕಲಿಯಬೇಕು. ಹೋದಮೇಲೆ ಅದನ್ನು ಪುಸ್ತಕದಿಂದ ಕಲಿಯುವುದು ಕಷ್ಟ.

ಆದುದರಿಂದ ನಮ್ಮ ವಿಜ್ಞಾಪನೆ ಚಿಕ್ಕದು. ಮನೆಯಲ್ಲಿ ಬಾಗಿಲ ಕೆಲಸ ನಡೆಯುವಾಗ ಒಣಮರದ ತುಂಡುಗಳನ್ನು ಎತ್ತಿಡಿರಿ. ಭಾಲ್ಕಿಯಲ್ಲೋ ಔರಾದದಲ್ಲೋ ಕೂಡಿಕೆ ಬಲ್ಲ ಬಡಗಿಯಿದ್ದರೆ ಅವನಿಂದ ಬಳೆಗಳನ್ನು ಕೂಡಿಸಿ, ಬೀದರಿನಲ್ಲೋ ಸಮೀಪದಲ್ಲೋ ಕಡೆಯಬಲ್ಲವರಲ್ಲಿ ಕಡೆಯಿಸಿರಿ. ಬೆಲೆಯನ್ನು ಮೊದಲೇ ಮಾತಾಡಿ, ದಿನಗೂಲಿಯ ಲೆಕ್ಕದಲ್ಲಿ ಕೊಡಿರಿ. ಮದುವೆಯ ಉಡುಗೊರೆಗೆ ಇದಕ್ಕಿಂತ ಒಳ್ಳೆಯ ವಸ್ತುವನ್ನು ನಾವು ಕಾಣೆವು.