ಅವ್ವನ ನಡುವಿನ ಅಳತೆ



ಬನ್ನಿಮಂಟಪದಲ್ಲಿ ಪಂಜಿನ ಕವಾಯತು ಮುಗಿದ ಮಾರನೆ ಬೆಳಿಗ್ಗೆ ಪೊರಕೆ ಹಿಡಿಯೋರು ನಮ್ಮ ಅವ್ವಂದಿರು. ಐವತ್ತು ದಾಟಿದ ಅವರ ಹೊಟ್ಟೆ ನೋಡಿ 'ಕೂತು ತಿಂದು ಕೊಬ್ಬವ್ಳೆ' ಅನ್ನುವವರಿದ್ದಾರೆ. ಹಾಸ್ಟೆಲಿನಲ್ಲಿ ಆ ಮಾತಿಗೆ ನಾವೂ ನಕ್ಕಿದ್ದೇವೆ. ನಾಚಿಕೆಯಾಗಬೇಕು ನಮಗೆ.

ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ಕ್ಕೆ ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜನ್ ಇಳಿಯುತ್ತದೆ. ಪಿರ್ರೆ, ತೊಡೆಯಲ್ಲಿ ನಿಲ್ಲುತ್ತಿದ್ದ ಕೊಬ್ಬು ಈಗ ಕರುಳ ಸುತ್ತ, ಲಿವರಿನಲ್ಲಿ, ಗುಂಡಿಗೆಯ ಮೇಲೆ ಕೂರುತ್ತದೆ. ವಯಸ್ಸಿಗೆ ಸ್ನಾಯುವೂ ಸವೆಯುತ್ತದೆ. ತೂಕ ಏರದಿದ್ದರೂ ಹೀಗಾಗಬಹುದು. ದುಡಿದ ಮೈಗೂ ತಪ್ಪಿದ್ದಲ್ಲ. ಒಳಗಿನ ಈ ಕೊಬ್ಬು ಇನ್ಸುಲಿನ್ನಿನ ಕೆಲಸ ಕೆಡಿಸಿ ಸಕ್ಕರೆ ಕಾಯಿಲೆಗೆ, ಹೃದಯದ ಬೇನೆಗೆ ದಾರಿ ಮಾಡುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೆಂಗಸರ ನಡುವಿಗೆ ಟೇಪು ಹಿಡಿಯಿತು. ಯಾರಿಗೆ? 15ರಿಂದ 49ರವರೆಗಿನವರಿಗೆ ಮಾತ್ರ! ಹೆರುವ ವಯಸ್ಸು ಮುಗಿದವಳು ಲೆಕ್ಕಕ್ಕಿಲ್ಲವೆ?

ಆದರೂ ಒಂದು ದಾರಿ ಇದೆ. ಆಶಾ ಕಾರ್ಯಕರ್ತೆಯರ ಫಾರಂನಲ್ಲಿ 30 ದಾಟಿದ ಪ್ರತಿಯೊಬ್ಬರ ನಡುವಿನ ಸುತ್ತಳತೆ ಬರೆಯಬೇಕು. ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಎಚ್ಚರಿಕೆ. ಆ ಫಾರಂ ನಮ್ಮ ಕೇರಿಯ ಪ್ರತಿ ಮನೆಯಲ್ಲೂ ತುಂಬಬೇಕೆಂದು ಕೇಳೋಣ. ಸಕ್ಕರೆ, ಬಿ.ಪಿ. ಪರೀಕ್ಷೆಗೆ ಅವ್ವನನ್ನು ನಾವೇ ಕರ್ಕೊಂಡು ಹೋಗೋಣ. ಮನೆಯಲ್ಲಿ ಮುದ್ದೆಯ ಜೊತೆ ಸೊಪ್ಪು, ಕಾಳು ಅವಳ ತಟ್ಟೆಗೂ ಬೀಳಲಿ, ತಳದ ಸಾರು ಸಾಕು.

ಅವ್ವನ ಮೇಲೆ ಪದ್ಯ ಬರೆದವರು ನಾವು. ಅವಳ ಮೈಯ ಸಂಕಟ ಒಮ್ಮೆಯಾದರೂ ಕೇಳಿದ್ದೇವಾ? ಈ ರಜೆಗೆ ಊರಿಗೆ ಹೋಗುವಾಗ ಜೇಬಿನಲ್ಲಿ ಒಂದು ಟೇಪು ಇರಲಿ.