ಮದುವೆಗೆ ಬಂದವರು ಲಸಿಕೆಯ ದಿನ ಎಲ್ಲಿದ್ದಿರಿ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಒಂದೇ ಮಾತು: ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಈ ಸಲ ಎಷ್ಟನೇ ಸ್ಥಾನ? ನಾಲ್ಕು ಮೆಟ್ಟಿಲು ಕೆಳಗಿಳಿದರೆ ಸಭೆ, ನೋಟಿಸು, ವಿವರಣೆ. ಒಂಬತ್ತನೇ ತರಗತಿಯ ಹಾಜರಿ ಪುಸ್ತಕದಲ್ಲಿದ್ದು ಹತ್ತನೇ ತರಗತಿಯ ಹಾಲ್ ಟಿಕೆಟ್ಟಿನ ಪಟ್ಟಿಯಲ್ಲಿ ಇಲ್ಲದ ಹುಡುಗಿ ಯಾವ ಸ್ಥಾನದಲ್ಲಿದ್ದಾಳೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಟಿಸಿ ತಗೊಂಡು ಹೋದಳಂತೆ. ಎಲ್ಲಿಗೆ ಹೋದಳು ಎಂಬುದು ಊರಿಗೆಲ್ಲ ಗೊತ್ತು.

ಬಾಲ್ಯವಿವಾಹ ತಡೆಯಿರಿ ಎಂಬ ಭಾಷಣವನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಪಂಚಾಯ್ತಿ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಎಂದು ಬರೆದ ಬಣ್ಣ ಮಾಸಿಯೂ ಆಯಿತು. ಅದನ್ನೇ ಮತ್ತೆ ಒದರಲು ಇದನ್ನು ಬರೆಯುತ್ತಿಲ್ಲ. ನೀವು ತಡೆಯಲಿಲ್ಲ, ಮಗು ಹುಟ್ಟಿದೆ. ತಾಯಿಗೆ ಹದಿನೇಳು, ತಂದೆಗೆ ಹತ್ತೊಂಬತ್ತು. ಇವತ್ತು ಆ ಇಬ್ಬರನ್ನು ನೀವು ಹೇಗೆ ನಡೆಸಿಕೊಳ್ಳುತ್ತಿದ್ದೀರಿ ಎಂಬುದು ನನ್ನ ತಕರಾರು.

ಇದು ಎಲ್ಲೋ ಒಂದೆರಡು ಮನೆಯ ಕತೆ ಎನ್ನುವವರಿಗೆ ಒಂದು ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ ಹದಿನೆಂಟು ತುಂಬುವ ಮುಂಚೆಯೇ ಮದುವೆಯಾಗಿತ್ತು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 21.4. ಅಷ್ಟು ವರ್ಷಗಳಲ್ಲಿ, ಅಷ್ಟು ಗೋಡೆಬರಹ ಮತ್ತು ಜಾಥಾಗಳ ನಂತರ, ಕದಲಿದ್ದು ಇಷ್ಟೇ. ಸಮೀಕ್ಷೆಯ ಹೊತ್ತಿಗೆ 15ರಿಂದ 19ರೊಳಗಿನ ನೂರು ಹುಡುಗಿಯರಲ್ಲಿ ಐದಕ್ಕಿಂತ ಹೆಚ್ಚು ಮಂದಿ ಆಗಲೇ ತಾಯಂದಿರು ಅಥವಾ ಬಸುರಿಯರು. ನೂರು ಹುಡುಗಿಯರೆಂದರೆ ಒಂದು ಹೈಸ್ಕೂಲು.

ಇನ್ನು ನಿಮ್ಮ ಮಾತಿಗೆ ಬರೋಣ. "ಆಗಿದ್ ಆಗೋಯ್ತು, ಹೆಂಗೋ ಬದುಕ್ಕಂತವೆ ಬುಡಿ." ಎಷ್ಟು ಸಲೀಸು! ಮದುವೆಯ ದಿನ ಗೊತ್ತುಮಾಡಲು ಮೂರು ಸಲ ಶಾಸ್ತ್ರಿಗಳ ಮನೆಗೆ ನಡೆದವರು ನೀವು. ಈ ಕಡೆ ಮದುವೆ ಮಾಡಿದರೆ ಕೇಸಾಗುತ್ತದೆಂದು ಗಡಿಯಾಚೆಯ ದೇವಸ್ಥಾನ ಹುಡುಕುವಷ್ಟು ಜಾಣರೂ ನಿಮ್ಮಲ್ಲಿದ್ದಾರೆ. ಪಾವಗಡದ ಮೂರು ಕಡೆಯೂ ಆಂಧ್ರ ತಾನೆ. ಇಷ್ಟು ಮುಂದಾಲೋಚನೆ ಇರುವವರಿಗೆ ಮಗು ಹುಟ್ಟಿದ ಮೇಲೆ ಮಾತ್ರ 'ಹೆಂಗೋ' ಸಾಕಾಗಿಬಿಡುತ್ತದೆ.

ಎರಡನೆಯ ಮಾತು ಇನ್ನೂ ಕೆಟ್ಟದ್ದು. "ಅವ್ನಿನ್ನೂ ಹುಡ್ಗ, ಅವ್ನಿಗೇನ್ ಗೊತ್ತಾಯ್ತದೆ." ಹತ್ತೊಂಬತ್ತರ ಹುಡುಗನಿಗೆ ಗೊತ್ತಾಗದ್ದು ಹದಿನೇಳರ ಹುಡುಗಿಗೆ ಗೊತ್ತಾಗಬೇಕು! ಅವಳು ರಾತ್ರಿ ಎರಡಕ್ಕೆ ಎದ್ದು ಹಾಲೂಡಬೇಕು, ಮಗು ಯಾಕೆ ಅಳುತ್ತಿದೆ ಎಂದು ಅತ್ತೆಗೆ ಉತ್ತರ ಕೊಡಬೇಕು, ಕಣ್ಣು ಕೆಂಪಾದರೆ "ಬಾಣಂತಿ ಅಳಬಾರದು" ಎಂದು ಬೈಸಿಕೊಳ್ಳಬೇಕು. ಹುಡುಗ ದಾಬಸ್‌ಪೇಟೆಯಲ್ಲೋ ಪೀಣ್ಯದಲ್ಲೋ ಷಿಫ್ಟು ಮುಗಿಸಿ ಮೊಬೈಲಿನಲ್ಲಿ ಮಗುವಿನ ಫೋಟೊ ನೋಡಿ ಸ್ಟೇಟಸ್ಸಿಗೆ ಹಾಕಿದರೆ ಅವನು ತಂದೆಯಾದ. ಹಬ್ಬಕ್ಕೆ ಬಂದವನು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದರೆ ಅಜ್ಜಿ ಹೇಳುತ್ತಾಳೆ, "ನೆತ್ತಿ ಆರಿಲ್ಲ, ನಿಂಗೆ ಎತ್ಕಳಾಕ್ ಬರಾಕಿಲ್ಲ, ಇತ್ಲಾಗ್ ಕೊಡು." ಬರುವುದಿಲ್ಲ, ನಿಜ. ನೀವು ಎತ್ತಲು ಬಿಟ್ಟರೆ ತಾನೆ ಬರುವುದು? ಹುಡುಗಿಗೂ ಹುಟ್ಟಿನಿಂದ ಬಂದದ್ದಲ್ಲ, ಕೈಗೆ ಕೊಟ್ಟಿದ್ದರಿಂದ ಬಂತು. ಬೇಸಾಯದ ಎತ್ತನ್ನಾದರೂ ನೊಗಕ್ಕೆ ಒಗ್ಗಿಸಲು ತಿಂಗಳುಗಟ್ಟಲೆ ಜೊತೆಗೆ ನಡೆಯುವ ನೀವು, ನಿಮ್ಮ ಮಗನನ್ನು ತಂದೆತನಕ್ಕೆ ಒಗ್ಗಿಸಲು ಒಂದು ದಿನ ಕೊಡಲಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿಯನ್ನು ನಾನು ದೂರುವುದಿಲ್ಲ. ಹದಿನೇಳರ ಹುಡುಗಿಗೆ ಆ ಹೊತ್ತಿನಲ್ಲಿ ಹೆತ್ತಮ್ಮನ ಕೈಯೇ ಬೇಕು. ಆದರೆ ಮಗುವಿಗೆ ಲಸಿಕೆ ಹಾಕಿಸುವ ದಿನಗಳನ್ನು ನೋಡಿ: ಹುಟ್ಟಿದಾಗ, ಒಂದೂವರೆ ತಿಂಗಳಿಗೆ, ಎರಡೂವರೆಗೆ, ಮೂರೂವರೆಗೆ. ನಾಲ್ಕೂ ಬಾಣಂತನದ ಅವಧಿಯಲ್ಲೇ ಬಂದುಹೋಗುತ್ತವೆ. ಗಂಡನ ಮನೆಯವರು ತೊಟ್ಟಿಲ ಶಾಸ್ತ್ರಕ್ಕೆ ವ್ಯಾನು ಮಾಡಿಕೊಂಡು ಬರುತ್ತಾರೆ, ಸೀರೆ ಯಾವ ಅಂಗಡಿಯದ್ದೆಂದು ಜಗಳವಾಡುತ್ತಾರೆ. ಪೆಂಟಾವಲೆಂಟ್ ಚುಚ್ಚಿಸಿಕೊಂಡು ಜ್ವರ ಬಂದ ರಾತ್ರಿ ತಂದೆ ಎನ್ನುವವನು ಆ ಊರಿನಲ್ಲೇ ಇರುವುದಿಲ್ಲ. ಐದಾರು ತಿಂಗಳು ಕಳೆದು ಕೂಸು ಗಂಡನ ಮನೆಗೆ ಬಂದಾಗ ಅದು ಅವನ ಮುಖ ನೋಡಿ ಕಿಟಾರೆಂದು ಕಿರುಚುತ್ತದೆ. ಎಲ್ಲರೂ ನಗುತ್ತೀರಿ.

ನಮ್ಮದೇ ಜಿಲ್ಲೆಯಲ್ಲಿ, 2023ರ ಜುಲೈನಲ್ಲಿ, ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕವೆಂದು ಬಾಣಂತಿಯನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇಟ್ಟಿದ್ದಾಗ ಹಸುಗೂಸು ಸತ್ತಿತು. ಆಗ ಉಳಿದ ಜಾತಿಯವರೆಲ್ಲ ಛೀ ಥೂ ಎಂದಿರಿ. ನಿಮ್ಮ ಮನೆಯಲ್ಲಿ ಗುಡಿಸಲು ಹಾಕುವುದಿಲ್ಲ, ಒಪ್ಪಿದೆ. ತಾಯಿ-ಮಗು ಒಂದು ಕಡೆ, ತಂದೆ ಇನ್ನೊಂದು ಕಡೆ ಎಂಬ ಗೋಡೆಯನ್ನು ನಡುಮನೆಯಲ್ಲೇ ಕಟ್ಟಿಕೊಂಡಿದ್ದೀರಿ. ಆ ಗೋಡೆಗೆ ಪುರುಡು ಎನ್ನಿ, ಮರ್ಯಾದೆ ಎನ್ನಿ, ಅಜ್ಜಿಯ ದರ್ಬಾರು ಎನ್ನಿ.

ಇನ್ನು ಕೂಸನ್ನೇ ಪಣವಾಗಿ ಇಡುವ ಚಾಳಿ. ಎರಡು ಮನೆಯವರಿಗೆ ಮನಸ್ತಾಪ ಬಂತು ಎನ್ನಿ, ವರದಕ್ಷಿಣೆಯ ಬಾಕಿಗೋ, ಅಕ್ಕನ ಮಗಳನ್ನು ತಂದುಕೊಂಡ ಹಳೆಯ ಮುನಿಸಿಗೋ. ಹುಡುಗಿಯ ಅಪ್ಪ ಮೊದಲು ಹೇಳುವ ಮಾತು, "ಮಗೀನ್ ಮುಖ ತೋರ್ಸಾಕಿಲ್ಲ." ಹುಡುಗನ ಅಪ್ಪ ಮೊದಲು ಹೇಳುವ ಮಾತು, "ಒಂದ್ ಬಿಡಿಗಾಸ್ ಕೊಡಾಕಿಲ್ಲ." ಅರಳಿಕಟ್ಟೆಯ ನ್ಯಾಯಕ್ಕೆ ಕುಳಿತ ಯಜಮಾನರು ಪಂಚೆ ಕೊಡವಿ ಎದ್ದು ಹೇಳುವ ತೀರ್ಪು, "ಇಷ್ಟ್ ದುಡ್ಡು ಈಸ್ಕಂಡು ಕಡ್ದುಹಾಕ್ಕಳಿ." ಕಡಿದುಹಾಕಲು ಅದೇನು ಬೇಲಿಯೇ? ಆ ಸಭೆಯಲ್ಲಿ ಹುಡುಗ ಹುಡುಗಿ ಇಬ್ಬರನ್ನೂ ಮಾತಾಡಲು ಬಿಟ್ಟಿರುವುದಿಲ್ಲ. ಇಬ್ಬರೂ ಚಿಕ್ಕವರು ಎಂಬುದು ಆಗ ಮಾತ್ರ ನಿಮಗೆ ನೆನಪಾಗುತ್ತದೆ.

ಮದುವೆ ಬೇರೆ, ತಂದೆತಾಯ್ತನ ಬೇರೆ. ಇದನ್ನು ನೀವು ಒಪ್ಪುವುದಿಲ್ಲ, ಕಾನೂನು ಒಪ್ಪಿ ಬಹಳ ಕಾಲವಾಯಿತು. ಕರ್ನಾಟಕ ತಂದ ತಿದ್ದುಪಡಿ ಜಾರಿಯಾದ ಮೇಲೆ ಈ ರಾಜ್ಯದಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೂ ಶೂನ್ಯ. ನೀವು ಹಾಕಿಸಿದ ಶಾಮಿಯಾನಕ್ಕೆ ಕಾಗದದಲ್ಲಿ ಬೆಲೆಯಿಲ್ಲ. ಮಗು ಮಾತ್ರ ಶೂನ್ಯವಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 5ನೇ ಕಲಮು ಮಗು ಯಾರ ಬಳಿ ಇರಬೇಕೆಂಬುದನ್ನು ಮಗುವಿನ ಹಿತ ನೋಡಿ ತೀರ್ಮಾನಿಸಬೇಕೆನ್ನುತ್ತದೆ. ಇನ್ನೊಬ್ಬ ಪೋಷಕನಿಗೆ ಮಗುವನ್ನು ಕಾಣಲು ಅವಕಾಶ ಕೊಡುವ ದಾರಿಯನ್ನೂ ಅದರಲ್ಲೇ ಇಟ್ಟಿದೆ. 4ನೇ ಕಲಮು ಹೇಳುವುದು ಹುಡುಗನ ಅಪ್ಪಂದಿರು ಕಿವಿಗೊಟ್ಟು ಕೇಳಬೇಕಾದ ಮಾತು: ಹುಡುಗ ಇನ್ನೂ ಅಪ್ರಾಪ್ತನಾಗಿದ್ದರೆ ಹುಡುಗಿಯ ಜೀವನಾಂಶವನ್ನು ಅವನ ತಂದೆತಾಯಿಯೇ ಕೊಡಬೇಕೆಂದು ಕೋರ್ಟು ಆದೇಶಿಸಬಹುದು. "ಅವ್ನಿನ್ನೂ ಹುಡ್ಗ" ಎಂದು ಕೈತೊಳೆದುಕೊಂಡಿರಲ್ಲ, ಹದಿನೆಂಟು ತುಂಬದ ಹುಡುಗನೇ ಆಗಿದ್ದರೆ ಲೆಕ್ಕ ನಿಮ್ಮ ಹೆಸರಿಗೆ ಬರುತ್ತದೆ.

ಸರ್ಕಾರಿ ನೌಕರರನ್ನೂ ಬಿಡುವ ಹಾಗಿಲ್ಲ. ತಾಯಿ ಕಾರ್ಡಿನಲ್ಲಿ ವಯಸ್ಸಿನ ಜಾಗದಲ್ಲಿ ಹತ್ತೊಂಬತ್ತು ಎಂದು ಬರೆದು ಕಣ್ಣು ಮುಚ್ಚಿಕೊಂಡವರು ನಿಮ್ಮಲ್ಲಿಲ್ಲವೇ? ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 2012ರ ಪೋಕ್ಸೊ ಕಾಯ್ದೆಯಡಿ ಹದಿನೆಂಟು ತುಂಬದ ಹುಡುಗಿ ಬಸುರಾದರೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮದುವೆಯಾಗಿದೆ ಎಂಬ ನೆಪವೂ ಉಳಿದಿಲ್ಲ. ತಿಳಿಸಿದರೆ ಊರವರು ಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆದರೆ ಕಾರ್ಡಿನಲ್ಲಿ ಎರಡು ವರ್ಷ ಸೇರಿಸಿದರೆ ಆ ಹುಡುಗಿಗೆ ಸಿಗಬೇಕಾದ ವಿಶೇಷ ಆರೈಕೆ, ರಕ್ತಹೀನತೆಯ ತಪಾಸಣೆ, ಸ್ನೇಹಾ ಕ್ಲಿನಿಕ್ಕಿನ ಆಪ್ತ ಸಮಾಲೋಚನೆ ಎಲ್ಲವನ್ನೂ ನೀವೇ ಅಳಿಸಿದಂತೆ. ತಿಳಿಸುವ ಕಡೆಯಲ್ಲೂ ಇನ್ನೊಂದು ಬಗೆಯ ಉಡಾಫೆ ಇದೆ: ಹುಡುಗಿಯನ್ನು ಬಾಲಮಂದಿರಕ್ಕೆ, ಹುಡುಗನನ್ನು ಬಾಲನ್ಯಾಯ ಮಂಡಳಿಗೋ ಜೈಲಿಗೋ ಕಳಿಸಿ ಕಡತ ಮುಚ್ಚಿಬಿಟ್ಟರೆ ಕರ್ತವ್ಯ ಮುಗಿಯಿತು. ಮಗು ಯಾವ ಕಡತದಲ್ಲಿದೆ?

2024ರ ಜನವರಿಯಲ್ಲಿ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಒಂಬತ್ತನೇ ತರಗತಿಯ ಹುಡುಗಿ ಹೆತ್ತ ಸುದ್ದಿ ದೇಶವನ್ನೆಲ್ಲ ಸುತ್ತಿತು. ಸರ್ಕಾರಿ ಹಾಸ್ಟೆಲ್ಲಿನ ವಾರ್ಡನ್ ಅಮಾನತಾದರು. ಟಿವಿಯವರು ಒಂದು ವಾರ ಹುಡುಗ ಯಾರು, ಹುಡುಗ ಯಾರು ಎಂದು ಕೂಗಿದರು. ಆ ಕೂಸನ್ನು ಇನ್ನು ಸಾಕುವವರು ಯಾರು, ಹೇಗೆ ಎಂದು ಅಷ್ಟೇ ಜೋರಾಗಿ ಕೂಗಿದವರನ್ನು ನಾನಂತೂ ನೋಡಲಿಲ್ಲ.

ಒಂದು ವಿಷಯವನ್ನು ಇಲ್ಲೇ ಬೇರ್ಪಡಿಸಬೇಕು. ಮೂವತ್ತರ ಗಂಡಸು ಹದಿನೈದರ ಹುಡುಗಿಯನ್ನು ಕಟ್ಟಿಕೊಂಡದ್ದಕ್ಕೂ, ಹೆದರಿಸಿ ಬಲವಂತ ಮಾಡಿದ್ದಕ್ಕೂ, ಕುಡಿದು ಹೊಡೆಯುವವನಿಗೂ ನಾನು ಹೇಳುವ ಈ 'ಇಬ್ಬರೂ ಸೇರಿ ಸಾಕಿ' ಎಂಬ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಮೊದಲು ಬೇಕಾದ್ದು ಹುಡುಗಿಯ ಮತ್ತು ಮಗುವಿನ ರಕ್ಷಣೆ, ಆಮೇಲೆ ಕಾನೂನು. 'ಮಗೀಗ್ ಅಪ್ಪ ಬೇಕಲ್ಲ' ಎಂದು ಹೊಡೆತ ತಿನ್ನುವವಳನ್ನು ಮತ್ತೆ ಅದೇ ಮನೆಗೆ ತಳ್ಳಲು ಈ ಬರಹವನ್ನು ಯಾರಾದರೂ ತೋರಿಸಿದರೆ ಅದು ವಂಚನೆ. ನಾನು ಮಾತಾಡುತ್ತಿರುವುದು ಹೆಚ್ಚು ಕಡಿಮೆ ಒಂದೇ ವಯಸ್ಸಿನ, ಇಬ್ಬರೂ ಇನ್ನೂ ಬೆಳೆಯುತ್ತಿರುವ ಜೋಡಿಗಳ ಬಗ್ಗೆ.

ಅಮೆರಿಕದಲ್ಲಿ ಪಾಲ್ ಫ್ಲಾರ್ಶೈಮ್ ಎಂಬ ಮನಶ್ಶಾಸ್ತ್ರಜ್ಞರು ಇಂಥ ಎಳೆಯ ತಾಯ್ತಂದೆಯರಿಗಾಗಿಯೇ ಒಂದು ಕಾರ್ಯಕ್ರಮ ರೂಪಿಸಿದರು. ಬಸುರಿ ಹುಡುಗಿಯ ಜೊತೆ ಹುಡುಗನನ್ನೂ ಕೂರಿಸಿಕೊಂಡು, ಜಗಳ ಬಂದಾಗ ಹೇಗೆ ಮಾತಾಡಬೇಕು, ಕೋಪ ಬಂದಾಗ ಹೇಗೆ ಹಿಂದೆ ಸರಿಯಬೇಕು, ಮುಂದೆ ಇಬ್ಬರೂ ಬೇರೆಯಾದರೂ ಮಗುವನ್ನು ಹೇಗೆ ಹಂಚಿಕೊಂಡು ನೋಡಿಕೊಳ್ಳಬೇಕು ಎಂದು ಹೆರಿಗೆಗೆ ಮುಂಚೆಯೇ ಕಲಿಸುವುದು ಅದರ ಬಗೆ. ಇಬ್ಬರನ್ನೂ ಹೇಗಾದರೂ ಜೋಡಿಯಾಗಿ ಉಳಿಸಲೇಬೇಕೆಂಬ ಹಟ ಅದರಲ್ಲಿಲ್ಲ. ಅದಕ್ಕೆ ಅಮೆರಿಕದ ದುಡ್ಡು ಬೇಕಿಲ್ಲ. ಒಂದು ಬೆಂಚು, ತಾಳ್ಮೆಯಿರುವ ಒಬ್ಬ ನರ್ಸಮ್ಮ, ಬಾಗಿಲು ಹಾಕಿದ ಒಂದು ಕೋಣೆ ಸಾಕು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇವೆಲ್ಲ ಇಲ್ಲವೆ? ಇವೆ. ಹುಡುಗನನ್ನು ಗೇಟಿನ ಹೊರಗೆ ಬೈಕಿನ ಮೇಲೆ ಕೂರಿಸಿ 'ಗಂಡಸರು ಒಳಗೆ ಬರಬೇಡಿ' ಎನ್ನುತ್ತೇವೆ, ಅಷ್ಟೆ.

ಹಾಗಾದರೆ ಏನು ಮಾಡಬೇಕು ಎಂದು ಕೇಳಬೇಡಿ, ಮಾಡಬೇಕಾದ್ದು ನಿಮಗೆ ಗೊತ್ತಿಲ್ಲದ್ದೇನಲ್ಲ. ಮುಂದಿನ ಸಲ ಆಶಾ ಕಾರ್ಯಕರ್ತೆ ಲಸಿಕೆಯ ದಿನ ಹೇಳಿ ಹೋದಾಗ ಹುಡುಗನಿಗೆ ಫೋನು ಮಾಡಿ ರಜೆ ಹಾಕಿಸಿ, ಕೂಸನ್ನು ಅವನ ಕೈಗೆ ಕೊಟ್ಟು, ಕಾರ್ಡು ಅವನ ಜೇಬಿಗೆ ಹಾಕಿ. ತಿಂಗಳಿಗೆ ಅವನ ದುಡಿಮೆಯಲ್ಲಿ ಇಷ್ಟು ಎಂದು ನಿಗದಿ ಮಾಡಿ ಹುಡುಗಿಯ ಖಾತೆಗೇ ಹಾಕಿಸಿ, ಅತ್ತೆಯ ಸೆರಗಿನ ಗಂಟಿಗಲ್ಲ. ಇಬ್ಬರೂ ಬೇರೆಯಾಗುವುದೇ ಸರಿ ಎಂದರೆ ಅರಳಿಕಟ್ಟೆಗೆ ಹೋಗಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇದೆ, ಹೆಣ್ಣುಮಕ್ಕಳಿಗೂ ಅಪ್ರಾಪ್ತರಿಗೂ ವಕೀಲರನ್ನು ಬಿಟ್ಟಿಯಾಗಿ ಕೊಡುತ್ತದೆ. ಮಗು ಯಾವ ವಾರ ಯಾರ ಮನೆಯಲ್ಲಿ, ಖರ್ಚು ಯಾರದು, ಹಬ್ಬ ಎಲ್ಲಿ ಎಂಬುದು ಅಲ್ಲಿ ಬರೆದಾಗಲಿ. ಮತ್ತೆ, ಅಜ್ಜಿಯರೇ, ಮಗುವಿನ ಎದುರು ಅದರ ತಂದೆಯನ್ನೋ ತಾಯಿಯನ್ನೋ 'ಆ ಮನೆಹಾಳ', 'ಆ ಬಜಾರಿ' ಎನ್ನುವುದನ್ನು ಈ ಕ್ಷಣದಿಂದ ನಿಲ್ಲಿಸಿ. ಅದಕ್ಕೆ ಮಾತು ಬಂದಿಲ್ಲ ಎಂದುಕೊಂಡಿದ್ದೀರಿ, ಕಿವಿ ಮೊದಲೇ ಬಂದಿರುತ್ತದೆ.

ಹುಡುಗಿಯ ಓದನ್ನು ಮರೆತರೆ ಇದೆಲ್ಲ ಅರ್ಧಕ್ಕೇ ನಿಲ್ಲುತ್ತದೆ. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ನರೇಗಾ ಕೂಲಿಯವರ ಮಕ್ಕಳಿಗೆಂದು ಪಂಚಾಯ್ತಿಗಳಲ್ಲಿ ಕೂಸಿನ ಮನೆಗಳು ತೆರೆದಿವೆ. ನಿಮ್ಮ ಪಂಚಾಯ್ತಿಯಲ್ಲಿ ಬಾಗಿಲು ಮುಚ್ಚಿದ್ದರೆ ಪಿಡಿಒ ಅವರನ್ನು ಕೇಳಿ. ಅದೂ ಇಲ್ಲದಿದ್ದರೆ ಪರೀಕ್ಷೆಯ ಮೂರು ಗಂಟೆ ಕೂಸನ್ನು ನೋಡಿಕೊಳ್ಳಲು ಒಬ್ಬ ತಂದೆ ಇದ್ದಾನೆ, ಅವನನ್ನು ಪರೀಕ್ಷಾ ಕೇಂದ್ರದ ಮರದಡಿ ಹಾಲಿನ ಬಾಟಲಿ ಕೊಟ್ಟು ಕೂರಿಸಿ. ನೋಡಿದವರು ನಗುತ್ತಾರೆ ಎನ್ನುತ್ತೀರಾ? ಹದಿನಾರರ ಹುಡುಗಿಯ ಕೊರಳಿಗೆ ತಾಳಿ ಕಟ್ಟಿಸಿದಾಗ ನಗಬೇಕಾದವರು ಅಂದೇ ಊಟ ಮಾಡಿ ಮುಯ್ಯಿ ಬರೆಸಿ ಹೋಗಿದ್ದಾರೆ.